ಕಿವಿಯ ಕಥೆ ಇನ್ನೆಷ್ಟು ದಿನ?

‘ವಾನ್ ಗಾಗ್‌ಗೆ ಹುಚ್ಚು ಹಿಡಿಯದಿದ್ದರೆ ನಕ್ಷತ್ರ ತುಂಬಿದ ಆ ರಾತ್ರಿಯ ಚಿತ್ರ ಹುಟ್ಟುತ್ತಿತ್ತೇ? ನಮ್ಮ ಕಲಾವಿದರು ಸಂಬಳ, ಸೈಟು, ಸಂಸಾರ ಅಂತ ಸುಖವಾಗಿದ್ದಾರೆ. ಅದಕ್ಕೇ ಇಲ್ಲಿ ಅಂಥ ಕಲೆ ಬರುತ್ತಿಲ್ಲ.’
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ: ಕಾಗದ ಸೊಗಸಾಗಿ ಬರೆದಿದ್ದೀರಿ, ಅಕ್ಷರವೂ ದುಂಡಗಿದೆ. ಆದರೆ ನಿಮ್ಮ ಲೆಕ್ಕ ಹಿಡಿದರೆ ನಿಮ್ಹಾನ್ಸ್‌ನ ವಾರ್ಡುಗಳೆಲ್ಲ ಇಷ್ಟುಹೊತ್ತಿಗೆ ಚಿತ್ರಶಾಲೆಗಳಾಗಬೇಕಿತ್ತಲ್ಲ ಸ್ವಾಮಿ!

ಡಚ್ ಚಿತ್ರಕಾರ ವಾನ್ ಗಾಗ್‌ಗೆ ಕಾಯಿಲೆ ಇತ್ತು, ಇಲ್ಲವೆನ್ನುವುದಿಲ್ಲ. 1888ರ ಡಿಸೆಂಬರ್ 23ರ ರಾತ್ರಿ ಫ್ರಾನ್ಸಿನ ಆರ್ಲ್‌ ಊರಿನಲ್ಲಿ ಕಿವಿ ಕುಯ್ದುಕೊಂಡದ್ದೂ ನಿಜ. ವೈದ್ಯರು ಮೂರ್ಛೆರೋಗದ ಒಂದು ಬಗೆ ಅಂದರು. ಆಮೇಲೆ ಬಂದವರು ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಇರಲಿ. ಮರುವರ್ಷ ಮೇ ತಿಂಗಳಲ್ಲಿ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯಕ್ಕೆ ಆತ ತಾನೇ ಒಪ್ಪಿ ಹೋಗಿ ಸೇರಿದ. ಇದನ್ನು ಮಾತ್ರ ಯಾರೂ ದಪ್ಪಕ್ಷರದಲ್ಲಿ ಅಚ್ಚು ಹಾಕುವುದಿಲ್ಲ.

ನೀವು ಹೇಳುವ ‘ಸ್ಟಾರಿ ನೈಟ್’ ಚಿತ್ರ ಅದೇ 1889ರ ಜೂನ್ ತಿಂಗಳದ್ದು. ಬೆಳಗಿನ ಜಾವ ಕಿಟಕಿಯಲ್ಲಿ ಬೆಳ್ಳಿಚುಕ್ಕಿ ತುಂಬ ದೊಡ್ಡದಾಗಿ ಕಂಡಿತೆಂದು ತಮ್ಮ ತಿಯೋಗೆ ಬರೆದಿದ್ದ. ಆ ವಸಂತದಲ್ಲಿ ಶುಕ್ರಗ್ರಹ ನಿಜಕ್ಕೂ ಅಲ್ಲಿ ಹೊಳೆಯುತ್ತಿತ್ತು. ಕ್ಯಾನ್ವಾಸಿನ ಮುಂದೆ ನಿಂತದ್ದು ಸ್ವಸ್ಥ ಮನಸ್ಸಿನಲ್ಲಿ. ಜುಲೈಯಲ್ಲಿ ರೋಗ ಮರುಕಳಿಸಿತು, ವಾರಗಟ್ಟಲೆ ಕುಂಚ ಮುಟ್ಟಲಾಗಲಿಲ್ಲ. ಹುಚ್ಚು ಚಿತ್ರ ಬರೆಸಿದ್ದಲ್ಲ, ನಿಲ್ಲಿಸಿದ್ದು.

ಆ ಕಾಗದಗಳನ್ನೇ ಓದಿ ನೋಡಿ. ಆತ ಬರೆದವು ಎಂಟುನೂರಕ್ಕೂ ಹೆಚ್ಚು ಉಳಿದಿವೆ. ಎಷ್ಟೋ ಕಡೆ ಮಾತು ದಿನಸಿ ಚೀಟಿಯ ಹಾಗೆ: ಇಷ್ಟು ಟ್ಯೂಬು ಬಿಳಿ, ಇಷ್ಟು ಕ್ರೋಮ್ ಹಳದಿ, ಕ್ಯಾನ್ವಾಸ್ ಬೇಗ ಕಳಿಸು. 1882ರಲ್ಲಿ ನೆದರ್ಲೆಂಡ್ಸಿನ ಹೇಗ್‌ನಲ್ಲಿದ್ದಾಗ ಅಡ್ಡಡ್ಡ, ಉದ್ದುದ್ದ, ಮೂಲೆಯಿಂದ ಮೂಲೆಗೆ ದಾರ ಬಿಗಿದ ಚೌಕಟ್ಟೊಂದನ್ನು ಮಾಡಿಸಿ, ಸಮುದ್ರದ ಮರಳಿನಲ್ಲಿ ನೆಟ್ಟು, ಅದರೊಳಗಿಂದ ಕಣ್ಣು ಕಿರಿದು ಮಾಡಿ ದೂರ ಅಳೆಯುತ್ತಿದ್ದ. ಮಲಗುವ ಕೋಣೆಯ ಚಿತ್ರಕ್ಕೆ ಗೋಡೆ ತಿಳಿನೇರಳೆ, ಮಂಚ ಹಸಿ ಬೆಣ್ಣೆಯ ಹಳದಿ ಎಂದು ಲೆಕ್ಕ ಕೊಟ್ಟಿದ್ದಾನೆ. ಇಂದು ಆ ಗೋಡೆ ನೀಲಿ ಕಾಣುತ್ತದೆ, ನೇರಳೆಯೊಳಗಿನ ಕೆಂಪು ಬಣ್ಣ ಬೆಳಕಿಗೆ ಮಾಸಿಹೋಗಿದೆ. ಅದರಲ್ಲೂ ಮನೋರೋಗ ಹುಡುಕುವವರಿದ್ದಾರೆ!

ನಮ್ಮಲ್ಲೂ ಇದೇ ಗೀಳು. ಚಿತ್ರಕಾರ ಕೆ. ವೆಂಕಟಪ್ಪನವರ ಮಾತೆತ್ತಿದರೆ ಅವರ ಹಟ, ಮುಂಗೋಪ, ಕೋರ್ಟು ಕಚೇರಿ. ಅವರ ಉದಕಮಂಡಲದ ಜಲವರ್ಣಗಳಲ್ಲಿ ಮಂಜು ಹೇಗೆ ಇಳಿಯುತ್ತದೆಂದು ನಿಂತು ನೋಡಿದವರೆಷ್ಟು ಮಂದಿ? ಇನ್ನು ಗೋಷ್ಠಿಗೆ ಕುಡಿದು ಬಂದು ಮೈಕು ಕಿತ್ತುಕೊಂಡವನೇ ದೊಡ್ಡ ಕವಿ. ಹೊತ್ತಿಗೆ ಸರಿಯಾಗಿ ಬಂದು, ತಿದ್ದಿದ ಕರಡನ್ನು ಕೈಗಿಡುವವನು ‘ಗುಮಾಸ್ತ’. ಪತ್ರಿಕೆ ನಡೆಸುವವನಿಗೆ ಇವರಿಬ್ಬರಲ್ಲಿ ಯಾರು ಬೇಕೆಂದು ಬೇರೆ ಹೇಳಬೇಕೆ?

ಸುಖದಿಂದ ಕಲೆ ಕೆಡುತ್ತದೆ ಅಂದಿರಲ್ಲ. ವಾನ್ ಗಾಗ್‌ನ ಮನೆ ಬಾಡಿಗೆ, ಬಣ್ಣ, ಬ್ರೆಡ್ಡು ಎಲ್ಲಕ್ಕೂ ತಿಯೋ ತಿಂಗಳು ತಿಂಗಳೂ ದುಡ್ಡು ಕಳಿಸುತ್ತಿದ್ದ. ಅಣ್ಣ 1890ರ ಜುಲೈಯಲ್ಲಿ ತೀರಿಕೊಂಡ, ಆರು ತಿಂಗಳಿಗೆ ತಮ್ಮನೂ ಹೋದ. ಕಂಕುಳಲ್ಲಿ ಕೂಸಿದ್ದ ತಮ್ಮನ ಹೆಂಡತಿ ಯೋಹಾನಾ, ನೆದರ್ಲೆಂಡ್ಸಿನ ಬುಸುಮ್ ಊರಿನಲ್ಲಿ ವಸತಿಗೃಹ ನಡೆಸಿಕೊಂಡು, ಯಾರಿಗೂ ಬೇಡವಾಗಿದ್ದ ನೂರಾರು ಚಿತ್ರಗಳನ್ನು ಜೋಪಾನ ಮಾಡಿದಳು, ಪ್ರದರ್ಶನಗಳಿಗೆ ಕಳಿಸಿದಳು, 1914ರಲ್ಲಿ ಕಾಗದಗಳನ್ನು ಅಚ್ಚು ಹಾಕಿಸಿದಳು. ನಿಮ್ಮ ಕಾಗದದಲ್ಲಿ ಅವಳ ಹೆಸರಿಲ್ಲ. ಅವಳ ಬಗ್ಗೆ ಒಂದು ಲೇಖನ ಬರೆದು ಕಳಿಸಿ, ಎರಡು ಪುಟ ಕೊಡುತ್ತೇನೆ. ಕಿವಿಯ ಪ್ರಸ್ತಾಪ ಬೇಡ.