ನಿರ್ಬಂಧ ಹೇರುವವರು ಅದನ್ನು ತೆಗೆಯುವ ದಿನವನ್ನೂ ಹೇಳಬೇಕು

ಯುದ್ಧಕ್ಕೆ ಬದಲಾಗಿ ಆರ್ಥಿಕ ನಿರ್ಬಂಧ ಲೇಸೋ, ರಾಜತಾಂತ್ರಿಕ ಮಾತುಕತೆ ಲೇಸೋ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಾಗಿ ಕೇಳಿದ್ದೀರಿ. ಓದಿದಾಗ 2019ರಲ್ಲಿ ನಾನಿದ್ದ ಸ್ಥಿತಿಯೇ ಕಣ್ಣಮುಂದೆ ಬಂತು. ಆಗ ಕೋಲಾರದ ಎಪಿಎಂಸಿಯಲ್ಲಿ ತಂದೆಯವರ ಟೊಮೆಟೊ ಮಂಡಿಯನ್ನು ನಾನು ನೋಡಿಕೊಳ್ಳುತ್ತಿದ್ದೆ.

ಆ ವರ್ಷದ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಹತರಾದರು. ಭಾರತ ಸರ್ಕಾರ ಮರುದಿನವೇ ವ್ಯಾಪಾರದಲ್ಲಿ ಪಾಕಿಸ್ತಾನಕ್ಕಿದ್ದ ಪರಮಾಪ್ತ ರಾಷ್ಟ್ರದ ಸ್ಥಾನಮಾನವನ್ನು (ಬೇರೆ ದೇಶಗಳಿಗಿಂತ ಹೆಚ್ಚು ಸುಂಕ ಹಾಕುವುದಿಲ್ಲವೆಂಬ ಭರವಸೆ) ಹಿಂಪಡೆದು, ಅದರ ಬೆನ್ನಿಗೇ ಅಲ್ಲಿಂದ ಬರುವ ಸರಕಿನ ಮೇಲೆ ಶೇ 200ರಷ್ಟು ಸುಂಕ ವಿಧಿಸಿತು. ಇಲ್ಲಿಂದ ಅಲ್ಲಿಗೆ ಹೋಗುವ ಹಣ್ಣನ್ನು ಸರ್ಕಾರ ತಡೆದಿರಲಿಲ್ಲ. ಅದನ್ನು ತಡೆಯುವ ಉಸಾಬರಿಯನ್ನು ನಾನು ಹೊತ್ತುಕೊಂಡೆ. ನಮ್ಮಲ್ಲಿ ಹರಾಜು ಹಿಡಿಯುತ್ತಿದ್ದ ದೆಹಲಿಯ ವ್ಯಾಪಾರಿಯೊಬ್ಬರು ಕೆಲವು ಲೋಡುಗಳನ್ನು ಅಟ್ಟಾರಿ ಗಡಿಗೆ ಕಳುಹಿಸುತ್ತಿದ್ದರು. ‘ಶತ್ರುದೇಶಕ್ಕೆ ನಮ್ಮ ಹಣ್ಣಿಲ್ಲ’ ಎಂದು ಫ್ಲೆಕ್ಸ್ ಬರೆಸಿ ಮಂಡಿಯ ಮುಂದೆ ಕಟ್ಟಿಸಿ, ಅದರ ಫೋಟೊವನ್ನು ಅವರಿಗೂ ಕಳುಹಿಸಿದೆ.

ಅವರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: ‘ಎಲ್ಲಿಯವರೆಗೆ?’ ನಾನು ‘ಎಂದೆಂದಿಗೂ’ ಎಂದೆ.

ನನ್ನನ್ನು ಮುಳುಗಿಸಿದ್ದು ಫ್ಲೆಕ್ಸ್ ಅಲ್ಲ, ಆ ಒಂದು ಪದ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಆ ದಿನ ಅವರಿಂದ ನಮಗೆ ಆರು ಲಕ್ಷ ರೂಪಾಯಿ ಬಾಕಿ ಬರಬೇಕಿತ್ತು. ‘ಗಡಿಗೆ ಹೋಗುವ ಲೋಡು ನಿಲ್ಲಿಸಿ, ಬಾಕಿ ತೀರಿಸಿ, ದೆಹಲಿಗೆ ಬೇಕಾದಷ್ಟು ಹಣ್ಣು ಕೊಡುತ್ತೇನೆ’ ಎಂದಿದ್ದರೆ, ನನ್ನ ಮಾತಿಗೆ ಒಪ್ಪುವುದರಲ್ಲಿ ಅವರಿಗೂ ಲಾಭವಿರುತ್ತಿತ್ತು. ‘ಎಂದೆಂದಿಗೂ’ ಎಂದ ಮೇಲೆ ಒಪ್ಪಿದರೂ ಅಷ್ಟೇ, ಒಪ್ಪದಿದ್ದರೂ ಅಷ್ಟೇ. ಇನ್ನೆಂದೂ ಹಣ್ಣು ಕೊಡದವನಿಗೆ ದುಡ್ಡು ಯಾಕೆ ಕೊಡಬೇಕು? ಅವರು ನಾಸಿಕ್‌ನಿಂದ ಹಣ್ಣು ತರಿಸಿಕೊಂಡರು. ದೊಡ್ಡ ಖರೀದಿದಾರರಿಲ್ಲದೆ ನಮ್ಮ ಹರಾಜಿನಲ್ಲಿ ಹದಿನೈದು ಕೆ.ಜಿ.ಯ ಬಾಕ್ಸಿಗೆ ಪಕ್ಕದ ಮಂಡಿಗಿಂತ ಇಪ್ಪತ್ತು ರೂಪಾಯಿ ಕಡಿಮೆ ಕೂಗು ಬೀಳತೊಡಗಿತು. ಮಾಲೂರು, ಮುಳಬಾಗಿಲು ಕಡೆಯ ರೈತರು ಏನೂ ಹೇಳದೆ ಪಕ್ಕದ ಮಂಡಿಗೆ ಹಣ್ಣು ಇಳಿಸಿದರು. ‘ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಕಣೋ’ ಎಂದಷ್ಟೇ ತಂದೆಯವರು ಹೇಳಿದರು. ಆ ಫ್ಲೆಕ್ಸನ್ನು ಮಳೆಗಾಲದಲ್ಲಿ ಹಮಾಲರು ಬಾಕ್ಸುಗಳ ಮೇಲೆ ಹೊದಿಸಿದರು. ಅದು ಆ ಕೆಲಸಕ್ಕೆ ಚೆನ್ನಾಗಿಯೇ ಬಂತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿರ್ಬಂಧ ಮತ್ತು ಮಾತುಕತೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವ ವಸ್ತುಗಳಲ್ಲ. ಕುವೈತನ್ನು ಆಕ್ರಮಿಸಿದ ಇರಾಕ್ ಮೇಲೆ 1990ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆ ನಿರ್ಬಂಧ ಹೇರಿತು. ಮರುವರ್ಷ ಯುದ್ಧವೂ ನಡೆಯಿತು, ಕುವೈತ್ ಬಿಡುಗಡೆಯೂ ಆಯಿತು, ಆದರೂ ಸದ್ದಾಂ ಹುಸೇನ್ ಅಧಿಕಾರದಲ್ಲಿರುವವರೆಗೆ ನಿರ್ಬಂಧ ತೆಗೆಯಲು ಇಷ್ಟವಿಲ್ಲವೆಂದು ಅಮೆರಿಕದ ಆಗಿನ ಅಧ್ಯಕ್ಷ, ಹಿರಿಯ ಬುಷ್ ಬಹಿರಂಗವಾಗಿಯೇ ಹೇಳಿದರು. ಇದೂ ನನ್ನ ‘ಎಂದೆಂದಿಗೂ’ ಥರದ ಮಾತೇ. ಹೀಗಿರುವಾಗ ಸದ್ದಾಂ ಯಾವ ಆಸೆಯಿಂದ ಬಗ್ಗಬೇಕಿತ್ತು? ಹನ್ನೆರಡು ವರ್ಷ ಹಸಿದವರು ಅಲ್ಲಿನ ಸಾಮಾನ್ಯ ಜನ. 2003ರಲ್ಲಿ ಮತ್ತೆ ಯುದ್ಧವಾಗಿಯೇ ಆಯಿತು. ಇರಾನ್ ವಿಷಯ ಬೇರೆ. ಪ್ರಮಾಣ ಹೆಚ್ಚಿದಷ್ಟೂ ಅಣುಬಾಂಬಿಗೆ ಹತ್ತಿರ ಒಯ್ಯುವ ಯುರೇನಿಯಂ ಸಂವರ್ಧನೆಯನ್ನು ಶೇ 3.67ಕ್ಕೆ ಮಿತಿಗೊಳಿಸಿದರೆ ನಿರ್ಬಂಧ ಸಡಿಲಿಸುವುದಾಗಿ 2015ರಲ್ಲಿ ಲಿಖಿತ ಒಪ್ಪಂದವಾಗಿತ್ತು. 2018ರಲ್ಲಿ ಅಮೆರಿಕ ಅದರಿಂದ ಹೊರನಡೆಯಿತು. 2021ರಲ್ಲಿ ಇರಾನ್ ಶೇ 60ರ ಸಂವರ್ಧನೆಗೆ ಕೈಹಾಕಿತು.

ನಮ್ಮ ಮೇಲೂ 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿತ್ತು. ನಾವು ಅಣ್ವಸ್ತ್ರ ಬಿಡಲಿಲ್ಲ; ಆದರೆ ನಮ್ಮ ಕಡೆಯಿಂದ ಜಸ್ವಂತ್ ಸಿಂಗ್ ಮತ್ತು ಅಮೆರಿಕದ ವಿದೇಶಾಂಗ ಉಪ ಕಾರ್ಯದರ್ಶಿ ಸ್ಟ್ರೋಬ್ ಟಾಲ್ಬಟ್ ಸುತ್ತಿನ ಮೇಲೆ ಸುತ್ತು ಕುಳಿತು ಮಾತಾಡಿದ್ದರಿಂದ ಎರಡೂ ದೇಶಗಳ ನಡುವೆ ದಾರಿ ತೆರೆದೇ ಇತ್ತು. 2001ರ ಸೆಪ್ಟೆಂಬರ್ ಹೊತ್ತಿಗೆ ಆ ನಿರ್ಬಂಧಗಳನ್ನು ತೆಗೆಯಲಾಯಿತು.

ಸ್ಪರ್ಧೆಯಲ್ಲಿ ‘ನಿರ್ಬಂಧವೆಂದರೆ ರಕ್ತ ಹರಿಯದ ಯುದ್ಧ’ ಎಂಬ ಸವಕಲು ಸಾಲನ್ನು ದಯವಿಟ್ಟು ಹೇಳಬೇಡಿ. ಎದುರಾಳಿ ನಿರ್ಬಂಧವನ್ನು ಸಮರ್ಥಿಸಿದರೆ, ದೆಹಲಿಯವರು ನನ್ನನ್ನು ಕೇಳಿದ ಪ್ರಶ್ನೆಯನ್ನೇ ಕೇಳಿ. ಅಂದಹಾಗೆ, ಆ ಆರು ಲಕ್ಷದಲ್ಲಿ ಎರಡು ಲಕ್ಷ ಕೈಸೇರಿದ್ದು ಮೂರು ವರ್ಷಗಳ ಬಳಿಕ, ತಂದೆಯವರು ತಾವೇ ರೈಲು ಹತ್ತಿ ದೆಹಲಿಗೆ ಹೋಗಿ ಅವರ ಅಂಗಡಿಯಲ್ಲಿ ಕುಳಿತು ಮಾತಾಡಿ ಬಂದ ಮೇಲೆ.