ಸ್ತೋತ್ರ ಅನ್ನೋ ಮಾತೇ ಬಾಯಿಗೆ ಬರ್ತಿಲ್ಲ

ಪ್ರಶ್ನೆ: ಅಕ್ಕ, ನನಗೆ 46 ವರ್ಷ, ಸಭೆಯ ಕ್ವಾಯರ್‌ನಲ್ಲಿ ಹಾಡ್ತೀನಿ. ಅತ್ತೆಗೆ ಲಕ್ವ ಹೊಡೆದ್ಮೇಲೆ 9 ವರ್ಷ ಹಾಸಿಗೆಯಲ್ಲೇ ಇದ್ರು, ಸ್ನಾನ ಊಟ ಎಲ್ಲಾ ನಂದೇ. ಅವರು ತೀರಿಕೊಂಡ ಮೇಲೆ ನೋಡಿದ್ರೆ ಮನೆ ಮೈದುನನ ಹೆಸರಿಗಿದೆ, ಅವನು ವರ್ಷಕ್ಕೊಂದ್ಸಲ ಕ್ರಿಸ್ಮಸ್‌ಗೆ ಬರ್ತಿದ್ದವನು. ಈಗ ಸಭೆಯ ಸುಗ್ಗಿ ಹಬ್ಬದಲ್ಲಿ ದೇವರು ಮಾಡಿದ ಉಪಕಾರದ ಬಗ್ಗೆ ಎಲ್ಲರ ಮುಂದೆ ಸಾಕ್ಷಿ ಹೇಳಿ ಅಂತಿದ್ದಾರೆ. ನಂಗೆ ದೇವರಿಗೆ ಸ್ತೋತ್ರ ಅನ್ನೋಕೇ ಆಗ್ತಿಲ್ಲ, ಒಳಗೆಲ್ಲಾ ಕಹಿ. ನಾನು ವಿಶ್ವಾಸದಿಂದ ಬಿದ್ದುಹೋದ್ನಾ?

ಉತ್ತರ: ಇಲ್ಲ ತಂಗಿ, ಬಿದ್ದಿಲ್ಲ. ನಿನ್ನ ಪತ್ರ ಎರಡು ಸಲ ಓದಿದೆ, 9 ವರ್ಷ ಅಂತ ಬರೆಯೋದು ಸುಲಭ, ಆದ್ರೆ ರಾತ್ರಿ ಎಷ್ಟು ಸಲ ಎದ್ದಿರ್ತೀಯ, ಎಷ್ಟು ಬೆಡ್‌ಶೀಟ್ ಒಗೆದಿರ್ತೀಯ ಅಂತ ಯಾರೂ ಲೆಕ್ಕ ಇಟ್ಟಿಲ್ಲ, ನಿನ್ನ ನೋವು ಮನೆಗಿಂತ ಜಾಸ್ತಿ ಅಲ್ಲೇ ಇದೆ ಅನ್ಸುತ್ತೆ.

ಬೈಬಲ್‌ನ ರೂತಳ ಪುಸ್ತಕದಲ್ಲಿ ಬರೋ ನೊವೊಮಿಯನ್ನ ನೋಡು, ರೂತಳ ಅತ್ತೆ. ಬರ ಬಂತು ಅಂತ ಬೇತ್ಲೆಹೇಮ್ ಬಿಟ್ಟು ಮೋವಾಬ್ ದೇಶಕ್ಕೆ ಹೋದ್ಲು, ಅಲ್ಲಿ ಗಂಡ ತೀರಿಹೋದ, ಇಬ್ಬರು ಗಂಡು ಮಕ್ಕಳೂ ತೀರಿಹೋದ್ರು. ವಾಪಸ್ ಬಂದಾಗ ಊರ ಹೆಂಗಸರು ಇವಳು ನೊವೊಮಿನಾ ಅಂತ ಕೇಳಿದ್ರೆ, ಆ ಹೆಸರು ಬೇಡ, ನನ್ನನ್ನ ಮಾರಾ ಅಂತ ಕರೀರಿ ಅಂದ್ಲು, ಮಾರಾ ಅಂದ್ರೆ ಕಹಿ. ತುಂಬಿಕೊಂಡು ಹೋದೆ, ಯೆಹೋವನು ಬರಿಗೈಲಿ ಕರ್ಕೊಂಡು ಬಂದ ಅಂತ ಬೀದಿಯಲ್ಲೇ ನಿಂತು ಹೇಳಿದ್ಲು. ಇದಕ್ಕೆ ದೇವರು ಅವಳನ್ನ ಗದರಿಸಿದ ಅಂತ ಎಲ್ಲೂ ಇಲ್ಲ. ಹಾಗೇ ಕಥೆ ಹೇಳೋನು ಒಂದೇ ಒಂದು ಸಲಾನೂ ಅವಳನ್ನ ಮಾರಾ ಅಂತ ಕರೆಯಲ್ಲ, ನೊವೊಮಿ ಅಂತಲೇ ಕರೀತಾನೆ. ನಂಗೆ ಇದು ಬಹಳ ದೊಡ್ಡ ಸಮಾಧಾನ.

ಬೈಬಲ್‌ನ ಇಬ್ರಿಯ 12:15ರಲ್ಲಿ ಕಹಿಯ ಬೇರು ಚಿಗುರಿ ಅನೇಕರನ್ನ ಕೆಡಿಸದ ಹಾಗೆ ನೋಡ್ಕೊಳ್ಳಿ ಅಂತಿದೆ, ಈ ವಾಕ್ಯ ತೋರಿಸಿ ನಿನ್ನ ಬಾಯಿ ಮುಚ್ಚಿಸೋರು ಇರ್ತಾರೆ. ಆದ್ರೆ ಬೇರು ಬೆಳೆಯೋದು ಮಣ್ಣೊಳಗೆ ಅಲ್ವಾ, ಮುಚ್ಚಿಟ್ಟಷ್ಟೂ ಇಳಿಯುತ್ತೆ. ನೊವೊಮಿ ಕಿತ್ತು ಹೊರಗೆ ಹಾಕಿದ್ಲು. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತೆ, ಅದೂ ದೇವಾಲಯದ ಹಾಡೇ.

ನೊವೊಮಿ ಬಾಯಿಂದ ಮೊದಲ ಸ್ತೋತ್ರ ಬಂದಿದ್ದು ಯಾವಾಗ ಗೊತ್ತಾ? ಅದೇ ಪುಸ್ತಕದ 2ನೇ ಅಧ್ಯಾಯದಲ್ಲಿ, ಸೊಸೆ ರೂತಳು ನೆಂಟನಾದ ಬೋವಜನ ಹೊಲದಲ್ಲಿ ಹಕ್ಕಲಾಯ್ದು, ಅಂದ್ರೆ ಕೊಯ್ಲಲ್ಲಿ ಬಿದ್ದ ತೆನೆ ಆರಿಸಿ, ಒಂದು ಏಫಾ (ಆ ಕಾಲದ ಒಂದು ಅಳತೆ) ಜವೆಗೋಧಿ ಹೊತ್ಕೊಂಡು ಬಂದು, ತಾನು ತಿಂದು ಉಳಿಸಿದ್ದನ್ನೂ ತೆಗೆದುಕೊಟ್ಟಾಗ. ಯಾರೂ ಉಪದೇಶ ಮಾಡ್ಲಿಲ್ಲ, ಮನೆಗೆ ಕಾಳು ಬಂತು ಅಷ್ಟೇ. ನಮ್ಮೋರು ತೀರಿಕೊಂಡಾಗ ನನಗೂ ಎಲ್ಲಾ ಒಳ್ಳೇದಕ್ಕೇ ಅಂತ ಹೇಳೋಕೆ ಸುಮಾರು ಜನ ಬಂದಿದ್ರು, ಒಬ್ಬರ ಮಾತೂ ನೆನಪಿಲ್ಲ, ಪಕ್ಕದ ಬೀದಿಯ ಒಬ್ಬಮ್ಮ ಮಾತಾಡದೆ ಕ್ಯಾರಿಯರ್‌ನಲ್ಲಿ ಅನ್ನ ಸಾರು ಇಟ್ಟು ಹೋಗ್ತಿದ್ದಿದ್ದು ಮಾತ್ರ ನೆನಪಿದೆ. ತಿಂಗಳುಗಟ್ಟಲೆ ಆದ್ಮೇಲೆ ನಾನು ಸ್ತೋತ್ರ ಅಂದಿದ್ದು ಆ ಸಾರಿಗೆ, ಗಂಡನ ಸಾವಿಗಲ್ಲ. ನೀನೂ ಮನೆ ಕೈತಪ್ಪಿದ್ದಕ್ಕೆ ಸ್ತೋತ್ರ ಹೇಳ್ಬೇಕು ಅಂತ ಒದ್ದಾಡ್ಬೇಡ, ನಿನ್ನ ಜವೆಗೋಧಿ ಎಲ್ಲಿಂದ ಬರ್ತಿದೆ ಅಂತ ಕಣ್ಣಿಟ್ಟಿರು, ಕಾಣದೇ ಇದ್ರೆ ಕಂಡಿಲ್ಲ ಅಂತಲೇ ದೇವರಿಗೆ ಹೇಳು.

ಮೈದುನನ ವಿಷಯ. ಕ್ಷಮಿಸೋದು ಅಂದ್ರೆ ಸುಮ್ಮನಿರೋದು ಅಂತ ಅಲ್ಲ. ತಪ್ಪು ಮಾಡಿದ ಸಹೋದರನ ಹತ್ರ ನೀನೇ ಹೋಗಿ ಮೊದಲು ಇಬ್ಬರೇ ಇದ್ದು ಮಾತಾಡು, ಕೇಳದಿದ್ರೆ ಇನ್ನೊಂದಿಬ್ಬರನ್ನ ಕರ್ಕೊಂಡು ಹೋಗು ಅಂತ ಮತ್ತಾಯ 18ರಲ್ಲಿ ಯೇಸುವೇ ಹೇಳಿದ್ದಾನೆ. ಯಜಮಾನ್ರನ್ನ ಕರ್ಕೊಂಡು ಹೋಗಿ ಕೂತು ಮಾತಾಡಿ, ಮನೆ ಪತ್ರ ಒಬ್ಬ ವಕೀಲರಿಗೆ ತೋರಿಸಿ, ಅದೇನೂ ಪಾಪ ಅಲ್ಲ. ಮನೆ ಸಿಗದೇನೂ ಇರಬಹುದು, ಆದ್ರೆ ನೀನು ಮಾಡಿದ ಸೇವೆ ಏನು ಅಂತ ಅವನು ನಿನ್ನ ಬಾಯಿಂದ ಒಂದ್ಸಲ ಕೇಳಿಸ್ಕೋಬೇಕು.

ಸುಗ್ಗಿ ಹಬ್ಬಕ್ಕೆ ಹೋಗು, ಮೈಕ್ ಹಿಡಿಯೋಕೆ ಮಾತ್ರ ಈ ವರ್ಷ ಆಗಲ್ಲ ಅಂತ ಪಾಸ್ಟರ್ ಅಯ್ಯನವರಿಗೆ ಮೊದಲೇ ಹೇಳ್ಬಿಡು. ರೂತಳ ಪುಸ್ತಕದ ಕೊನೇಲಿ ರೂತಳಿಗೆ ಮಗು ಹುಟ್ಟಿದಾಗ ಯೆಹೋವನಿಗೆ ಸ್ತೋತ್ರ ಅಂದಿದ್ದು ಊರ ಹೆಂಗಸರು, ನೊವೊಮಿ ಒಂದು ಮಾತೂ ಆಡಲ್ಲ, ಮಗೂನ ಎತ್ತಿ ಮಡಿಲಲ್ಲಿ ಇಟ್ಕೊಳ್ತಾಳೆ. ನಿನ್ನ ಕ್ವಾಯರ್‌ನೋರು ಆವತ್ತು ನಿನ್ನ ಪಾಲಿಂದೂ ಸೇರಿಸಿ ಹಾಡ್ಲಿ, ನೀನು ಅವರ ಪಕ್ಕ ನಿಂತಿರು.