ಗೀಟೆಳೆದರೆ ಓದಾಯಿತೇ?

ಪತ್ರ: “ನನ್ನ ಮಗಳು ಒಂಬತ್ತನೇ ತರಗತಿ. ದಿನಕ್ಕೆ ನಾಲ್ಕು ಗಂಟೆ ಕೂತು ಓದುತ್ತಾಳೆ. ಪುಸ್ತಕದ ತುಂಬ ನಾಲ್ಕು ಬಣ್ಣದ ಗೀಟುಗಳು. ಕೇಳಿದರೆ ‘ಎಲ್ಲಾ ಗೊತ್ತು’ ಅನ್ನುತ್ತಾಳೆ, ಅಂಕ ಮಾತ್ರ ಐವತ್ತು ದಾಟುವುದಿಲ್ಲ. ಪಕ್ಕದ ಮನೆಯ ಹುಡುಗ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಓದುತ್ತಾನೆ. ಇವಳನ್ನೂ ಎಬ್ಬಿಸಲೇ? (ಹೆಸರು ಬೇಡ.)”

ಉತ್ತರ: ಎಬ್ಬಿಸಬೇಡಿ ತಾಯಿ, ಮಲಗಲಿ. ಓದಿ ಮಲಗಿದರೆ ಎಷ್ಟು ಉಳಿಯುತ್ತದೆ, ಓದಿ ಎಚ್ಚರವಾಗಿದ್ದರೆ ಎಷ್ಟು ಉಳಿಯುತ್ತದೆ ಎಂದು 1924ರಲ್ಲೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬಿಬ್ಬರು ಮನೋವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದರು. ಗೆದ್ದದ್ದು ನಿದ್ದೆ. ಪಕ್ಕದ ಮನೆಯ ಹುಡುಗ ಎಷ್ಟು ಹೊತ್ತಿಗೆ ಏಳುತ್ತಾನೆಂದು ಬರೆದಿದ್ದೀರಿ, ಎಷ್ಟು ಹೊತ್ತಿಗೆ ಮಲಗುತ್ತಾನೆಂದು ಬರೆದಿಲ್ಲ. ಅವನ ಅಂಕವನ್ನೂ ಬರೆದಿಲ್ಲ!

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಬೇರೆ: “ಎಲ್ಲಾ ಗೊತ್ತು ಅನ್ನುತ್ತಾಳೆ.” ಮಗು ಸುಳ್ಳು ಹೇಳುತ್ತಿಲ್ಲ. ಅವಳಿಗೆ ನಿಜವಾಗಿ ಹಾಗೇ ಅನಿಸುತ್ತಿದೆ. ನಾಲ್ಕನೇ ಸಲ ಓದುವಾಗ ಸಾಲುಗಳೆಲ್ಲ ಹಳೆಯ ಪರಿಚಯದವರಂತೆ ಕಾಣುತ್ತವೆ. ಮುಖ ಪರಿಚಯ ಇದ್ದಮಾತ್ರಕ್ಕೆ ಹೆಸರು ನಾಲಿಗೆಗೆ ಬರುತ್ತದೆಯೇ? ನನ್ನ ಕಸುಬಿನದೇ ಒಂದು ಕಥೆ ಕೇಳಿ. ಒಮ್ಮೆ ನಾನೇ ಬರೆದ ಸಂಪಾದಕೀಯದ ಕರಡನ್ನು ಐದು ಸಲ ಓದಿ ಅಚ್ಚಿಗೆ ಕಳಿಸಿದೆ. ಶೀರ್ಷಿಕೆಯಲ್ಲೇ ಒಂದಕ್ಷರ ಬಿಟ್ಟುಹೋಗಿತ್ತು. ಐದೂ ಸಲ ನನ್ನ ಕಣ್ಣು ಆ ಅಕ್ಷರವನ್ನು ತಾನೇ ತುಂಬಿಕೊಂಡು ಮುಂದೆ ಹೋಗಿತ್ತು.

ಗೀಟೆಳೆಯುವುದು ತಪ್ಪೇನಲ್ಲ. ಮೊದಲ ಓದಿನಲ್ಲಿ ಗಮನ ಬೇರೆಡೆ ಹರಿಯದಂತೆ ಅದು ತಡೆಯಬಹುದು. ಅರ್ಥವೇ ಆಗದ ಪಾಠವನ್ನು ನೆನಪಿಸಿಕೊಳ್ಳಲೂ ಆಗದು, ಆದ್ದರಿಂದ ಓದಂತೂ ಬೇಕು. ಗೀಟಿನ ಪರವಾಗಿ ನನ್ನ ವಕಾಲತ್ತು ಇಲ್ಲಿಗೆ ಮುಗಿಯಿತು.

ಕಲಿಕೆ ಶುರುವಾಗುವುದು ಪುಸ್ತಕ ಮುಚ್ಚಿದ ಮೇಲೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಗುಂಪಿನ ವಿದ್ಯಾರ್ಥಿಗಳಿಗೆ ಒಂದು ಬರಹವನ್ನು ನಾಲ್ಕು ಅವಧಿ ಓದಿಸಿದರು. ಇನ್ನೊಂದು ಗುಂಪು ಓದಿದ್ದು ಒಂದೇ ಅವಧಿ. ಉಳಿದ ಮೂರು ಅವಧಿಯಲ್ಲಿ ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರದೇ ಮೇಲುಗೈ: ಅವರಿಗೆ ನೆನಪಿದ್ದದ್ದು ಶೇಕಡ 83, ಬರೆದವರಿಗೆ 71. ವಾರ ಬಿಟ್ಟು ಕೇಳಿದಾಗ ಓದಿದವರು 40ಕ್ಕೆ ಕುಸಿದರು, ಬರೆದವರು 61ರಲ್ಲಿ ನಿಂತರು. ತಮಾಷೆ ಇನ್ನೂ ಇದೆ. “ನಿಮಗೆ ವಾರದ ನಂತರ ಎಷ್ಟು ನೆನಪಿರುತ್ತದೆ?” ಎಂದು ಮೊದಲೇ ಕೇಳಿದ್ದಕ್ಕೆ ಹೆಚ್ಚು ಧೈರ್ಯ ತೋರಿಸಿದ್ದು ನಾಲ್ಕೂ ಅವಧಿ ಓದಿದವರೇ. ನಿಮ್ಮ ಮಗಳ “ಎಲ್ಲಾ ಗೊತ್ತು” ಇದೇ.

ಇದೇನು ಹೊಸ ಮಾತೂ ಅಲ್ಲ. ಇಪ್ಪತ್ತು ಸಲ ಓದುವುದಕ್ಕಿಂತ ಹತ್ತು ಸಲ ಓದಿ ನಡುನಡುವೆ ನೆನಪಿನಿಂದ ಹೇಳಿ ನೋಡುವುದು ಮೇಲು ಎಂಬ ಅರ್ಥದಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 1620ರಲ್ಲೇ ಬರೆದಿದ್ದ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅಂತೂ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ವರ್ಷಗಟ್ಟಲೆ ತಾನೇ ಉರು ಹೊಡೆದು, 1885ರಲ್ಲಿ ಲೆಕ್ಕ ಒಪ್ಪಿಸಿದ: ಒಂದೇ ದಿನ 68 ಸಲ ಉರು ಹೊಡೆದದ್ದರ ಫಲ, ಮೂರು ದಿನಕ್ಕೆ ಹಂಚಿ 38 ಸಲ ಮಾಡಿದರೂ ಸಿಕ್ಕಿತು. ನೀವು ಕೇಳುತ್ತಿರುವುದು ಬೆಳಗಿನ ಜಾವ ಎಬ್ಬಿಸಿ ಓದಿನ ಹೊತ್ತು ಹೆಚ್ಚಿಸಲೇ ಎಂದು. ಆ ಮನುಷ್ಯ ಮೂವತ್ತು ಸಲದ ದುಡಿಮೆಯನ್ನೇ ಉಳಿಸಿ ತೋರಿಸಿದ್ದಾನೆ.

ಹಾಗಾಗಿ ಇಂದು ಓದಿದ ಪಾಠವನ್ನು ಪುಸ್ತಕ ಮುಚ್ಚಿ ಒಂದು ಹಾಳೆಯಲ್ಲಿ ಬರೆಯಲಿ. ಆಮೇಲೆ ಪುಸ್ತಕ ತೆರೆದು ಬಿಟ್ಟದ್ದನ್ನು, ತಪ್ಪಿದ್ದನ್ನು ತಿದ್ದಿಕೊಳ್ಳಲಿ. ನಾಳಿದ್ದು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಗಣಿತವಾದರೆ ಬಿಡಿಸಿದ ಲೆಕ್ಕವನ್ನು ನೋಡುತ್ತ ತಲೆಯಾಡಿಸುವುದು ಬೇಡ. ಉತ್ತರ ಮುಚ್ಚಿ ತಾನೇ ಬಿಡಿಸಲಿ, ಬೇರೆ ಬೇರೆ ಅಧ್ಯಾಯದ ಲೆಕ್ಕಗಳನ್ನು ಕಲಸಿಕೊಂಡು. ಮೊದಲ ವಾರ ಹಾಳೆ ಅರ್ಧ ಖಾಲಿ ಉಳಿಯುತ್ತದೆ, ಮಗು ಅಳಬಹುದು. ಆ ಖಾಲಿ ಜಾಗ ನೋಡಿ ನೀವು ಬೈಯದಿದ್ದರೆ ಸಾಕು.

ಬೈಯುವುದಾದರೆ ನಮ್ಮನ್ನು, ದೊಡ್ಡವರನ್ನು ಬೈಯಬೇಕು. ಹತ್ತು ವರ್ಷ ಶಾಲೆಗೆ ಹೋಗುವ ಮಗುವಿಗೆ ನಾವು ಏನೇನೋ ಕಲಿಸುತ್ತೇವೆ, ಕಲಿಯುವುದು ಹೇಗೆಂದು ಒಂದು ವಾರವಾದರೂ ಕಲಿಸುತ್ತೇವೆಯೇ? ಅಂಕಪಟ್ಟಿಯಲ್ಲಿ “ಇನ್ನೂ ಚೆನ್ನಾಗಿ ಓದಬೇಕು” ಎಂದು ಗೀಚಿದರೆ ಕೆಲಸ ಮುಗಿಯಿತು. ಚೆನ್ನಾಗಿ ಅಂದರೆ ಹೇಗೆ ಸ್ವಾಮಿ? ಉತ್ತರಪತ್ರಿಕೆ ಮರಳಿ ಬಂದರೂ ಎಲ್ಲರ ಕಣ್ಣು ಒಟ್ಟು ಅಂಕದ ಮೇಲೆ. ಮೂರನೇ ಪ್ರಶ್ನೆಯಲ್ಲಿ ಎಡವಿದ್ದು ಎಲ್ಲಿ ಎಂದು ಕೂತು ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಪರೀಕ್ಷೆ ಎಂದರೆ ತೂಗಿ ನೋಡುವ ತಕ್ಕಡಿ ಎಂದೇ ಹೆದರಿಸಿಟ್ಟಿದ್ದೇವೆ. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಕಲಿಯುವ ದಾರಿ ಎಂದರೆ ಮಕ್ಕಳು ನಂಬುವುದಾದರೂ ಹೇಗೆ? ಮನೆಯಲ್ಲಿ ನಾವು ಕೇಳುವುದು “ಎಷ್ಟು ಹೊತ್ತು ಓದಿದೆ?” ಎಂದು. ನಿಮ್ಮ ಪತ್ರದಲ್ಲೂ ಗಂಟೆಯ ಲೆಕ್ಕ ಇದೆ, ಪಾಠದ ಹೆಸರು ಒಂದೂ ಇಲ್ಲ. ಬೇಸರ ಮಾಡಿಕೊಳ್ಳಬೇಡಿ, ನಾನೂ ನನ್ನ ಮಕ್ಕಳನ್ನು ಹಾಗೇ ಕೇಳುತ್ತಿದ್ದವನು.

ಆ ನಾಲ್ಕು ಪೆನ್ನುಗಳನ್ನು ಬಿಸಾಡಬೇಡಿ. ಬರೆದದ್ದನ್ನು ತಿದ್ದಿಕೊಳ್ಳಲು ಅವಳಿಗೆ ಒಂದು ಸಾಕು. ಉಳಿದ ಮೂರನ್ನು ನಮ್ಮ ಕಚೇರಿಗೆ ಕಳಿಸಿ, ಇಲ್ಲಿ ಕರಡು ತಿದ್ದುವವರಿಗೆ ಬೇಕಾಗಿವೆ.